ಒಂಟಿ ಮನೆಗೆ ಮುಯ್ಯಾಳು

ಒಬ್ಬಂಟಿಯಾಗಿ ಬದುಕುವವರಲ್ಲಿ ಎರಡು ಜಾತಿ. ಒಬ್ಬಂಟಿ ಎಂದು ಒಪ್ಪಿಕೊಳ್ಳುವವರು ಒಂದು. 'ನನಗೆ ಪುರುಸೊತ್ತೇ ಇಲ್ಲ ಕಣ್ರೀ' ಎನ್ನುವವರು ಇನ್ನೊಂದು. ನಾನು ಬಹಳ ವರ್ಷ ಎರಡನೆಯ ಜಾತಿಯಲ್ಲಿದ್ದೆ. ಮದುವೆ ಯಾಕಾಗಲಿಲ್ಲ ಎಂದು ಮಾತ್ರ ಕೇಳಬೇಡಿ. ಹೆಣ್ಣು ನೋಡಲು ಹೋದ ಕಡೆಯೆಲ್ಲ ಉಪ್ಪಿಟ್ಟು ಚೆನ್ನಾಗಿತ್ತು, ಮಿಕ್ಕಿದ್ದು ಕೂಡಿ ಬರಲಿಲ್ಲ. ಹನೂರಿನಲ್ಲಿ ಗುಮಾಸ್ತಿಕೆ, ಮಧುವನಹಳ್ಳಿಯಲ್ಲಿ ಬಾಡಿಗೆಗೆ ಒಂದು ಕೋಣೆ, ನಡುವೆ ಬಸ್ಸು. ಕೋಣೆಯಲ್ಲಿ ಒಂದು ತಟ್ಟೆ, ಒಂದು ಲೋಟ. ತೊಳೆಯುವುದು ಸುಲಭ ಎಂದು ಜಂಬ ಕೊಚ್ಚಿಕೊಂಡು ತಿರುಗುತ್ತಿದ್ದೆ.

ಹೋದ ದೀಪಾವಳಿಗೆ ಯಳಂದೂರಿನ ಅಣ್ಣನ ಮನೆಗೆ ಹೋಗಿದ್ದಾಗ ಅವನ ಮಗಳು ಸಿಂಚನಾ ನನ್ನ ಮೊಬೈಲಿಗೆ ಒಂದು ಗೇಮ್ ಹಾಕಿಕೊಟ್ಟಳು. "ಚಿಕ್ಕಪ್ಪ, ಇದು ಹಳೇ ಕಾಲದ್ ತರ ಅದೆ, ನಿಮ್ಗೆ ಸರಿ ಓಯ್ತದೆ" ಎಂದಳು. ಅದು ಹೊಗಳಿಕೆಯೋ ಅಲ್ಲವೋ ಎಂದು ನಾನು ವಿಚಾರಿಸಲಿಲ್ಲ. ಚೌಕ ಮುಖದ ಬೊಂಬೆಗಳು, ಟಿಂಯ್ ಟಿಂಯ್ ಎನ್ನುವ ಸಂಗೀತ, ಯಾವುದೋ ಪರದೇಶದ ಸಮುದ್ರದ ದಡದ ಒಂದು ಪುಟ್ಟ ಊರು. ಬಂದೂಕಿಲ್ಲ, ಯುದ್ಧವಿಲ್ಲ. ಆ ಊರಿಗೆ ಹೊಸದಾಗಿ ಬಂದ ನಾವು ಬಾಡಿಗೆ ಕೋಣೆ ಹಿಡಿದು, ಪಾರ್ಟ್ ಟೈಮ್ ಕೆಲಸ ಮಾಡಿಕೊಂಡು ಬದುಕಬೇಕು. ಬೆಳಿಗ್ಗೆ ಮನೆಮನೆಗೆ ಹಾಲು ಹಾಕುವುದು, ಮಧ್ಯಾಹ್ನ ಅಂಗಡಿಯಲ್ಲಿ ಚಿಕ್ಕ ಮೀನು ದೊಡ್ಡ ಮೀನು ಬೇರೆ ಮಾಡುವುದು, ಸಂಜೆ ಊರವರೆಲ್ಲ ಬಂದು ಮೀಯುವ ಸ್ನಾನದ ಮನೆಯ ನೆಲ ಉಜ್ಜುವುದು. ದಿನವೆಲ್ಲ ಕಚೇರಿಯಲ್ಲಿ ಕುರ್ಚಿ ಸವೆಸಿ ಬಂದವನು ಮಂಚದ ಮೇಲೆ ಬಿದ್ದುಕೊಂಡು ಹೆಬ್ಬೆರಳಿನಿಂದ ಪರದೇಶದವರ ನೆಲ ಉಜ್ಜುತ್ತಿದ್ದೆ. ಮಂಚದ ಕೆಳಗೆ ನನ್ನ ಸ್ವಂತ ನೆಲ ಪೊರಕೆ ಕಂಡು ಎಷ್ಟು ದಿನವಾಗಿತ್ತೋ. ಕೆಲಸವಿಲ್ಲದ ಆಚಾರಿ ಮಗನ ಕುಂಡೆ ಕೆತ್ತಿದ ಎಂಬ ಗಾದೆಗೆ ಮಗನಿಲ್ಲದ ಆಚಾರಿ ಏನು ಮಾಡಬೇಕೆಂದು ಯಾರೂ ಹೇಳಿಲ್ಲ ನೋಡಿ.

ನಿಜ ಹೇಳಬೇಕೆಂದರೆ ನನ್ನನ್ನು ಹಿಡಿದಿಟ್ಟದ್ದು ಕೆಲಸವಲ್ಲ. ಗೇಮಿನ ಆ ಊರಿನಲ್ಲಿ ಯಾರ ಬಳಿಯಾದರೂ ನಾಲ್ಕು ದಿನ ನಿಯತ್ತಾಗಿ ದುಡಿದರೆ ಅವರು ಒಂದು ಸಂಜೆ ನಮ್ಮ ಕೋಣೆಯ ಬಾಗಿಲು ತಟ್ಟುತ್ತಾರೆ. ಮೀನಂಗಡಿಯ ಅಜ್ಜಿ ಹಾಗೆ ಮೊದಲ ಸಲ ಟಕ್ ಟಕ್ ಎಂದಾಗ ನಾನು ಮೊಬೈಲು ಬಿಟ್ಟು ಎದ್ದು ಹೋಗಿ ನಮ್ಮ ಬಾಗಿಲು ತೆಗೆದೆ. ಹೊರಗೆ ಮನೆ ಓನರ್ ಪುಟ್ಟಮ್ಮನವರ ಕೋಳಿ ಮಾತ್ರ ಇತ್ತು. ಗ್ಯಾಸ್ ಸಿಲಿಂಡರಿನವನನ್ನು ಬಿಟ್ಟರೆ ನನ್ನ ಬಾಗಿಲು ತಟ್ಟುವವರು ಯಾರೂ ಇಲ್ಲ ಎಂಬುದು ಅವತ್ತು ಕೋಳಿಯ ಎದುರು ನಿಂತಾಗ ಹೊಳೆಯಿತು.

ಪುಟ್ಟಮ್ಮನವರು ಹಿತ್ತಿಲ ಶೆಡ್ಡಿನಲ್ಲಿ ರೇಷ್ಮೆ ಹುಳ ಸಾಕುತ್ತಾರೆ. ಹುಳ ಹಣ್ಣಾದ ದಿನ ಅವರ ಮನೆ ಮದುವೆಮನೆಯೇ. ಎಲೆ ತಿನ್ನುವುದನ್ನು ಬಿಟ್ಟ ಹುಳಗಳನ್ನು ತಡಮಾಡದೆ ಆರಿಸಿ, ಗೂಡು ಕಟ್ಟಲು ಚಂದ್ರಿಕೆ ಎಂಬ ಬಿದಿರಿನ ತಟ್ಟಿಗೆ ಬಿಡಬೇಕು. ಅದಕ್ಕೆ ಕೈ ಎಷ್ಟಿದ್ದರೂ ಸಾಲದು. ಅಂಥದೇ ಒಂದು ದಿನ ಬರಬೇಕಾದವರಲ್ಲಿ ಒಬ್ಬಳು ಕೈಕೊಟ್ಟಿದ್ದಳು. ಪುಟ್ಟಮ್ಮನವರ ಕೂಗಾಟ ಕೇಳಿ ನಾನು ಇಣುಕಿ, "ನಾನು ಬರಲಾ?" ಎಂದೆ. ಮೀನು ಆರಿಸುವುದರಲ್ಲಿ ಪಳಗಿದವನೆಂಬ ಧೈರ್ಯ. "ಹಳದಿ ತಿರುಗಿರೋದ್ ಮಾತ್ರ ಎತ್ತಿ ಸಾ, ಹಸೀದ್ ಮುಟ್ಬೇಡಿ" ಎಂದರು. ಮೊದಲ ಹುಳ ತಣ್ಣಗೆ ಬೆರಳ ಮೇಲೆ ಹೊರಳಿದಾಗ ನಾನು ಕಿರುಚಿದ್ದು ಬೀದಿಗೆ ಕೇಳಿಸಿತಂತೆ. ಕತ್ತಲಾಗುವ ಹೊತ್ತಿಗೆ ಮಾತ್ರ ನನ್ನ ಚಂದ್ರಿಕೆಯೂ ತುಂಬಿತ್ತು.

ಆಮೇಲಿನ ಭಾನುವಾರ ಬೆಳಿಗ್ಗೆ ಬಾಗಿಲು ಟಕ್ ಟಕ್ ಎಂದಿತು. ಈ ಸಲ ಮೋಸಹೋಗಬಾರದೆಂದು ಮೊಬೈಲು ನೋಡಿದೆ, ಅದು ಆಫ್ ಆಗಿತ್ತು. ಹೊರಗೆ ಪುಟ್ಟಮ್ಮ, ಅವರ ನಾದಿನಿ ಮಾದೇವಮ್ಮ, ಸೆರಗು ಸಿಕ್ಕಿಸಿಕೊಂಡು ನಿಂತಿದ್ದರು.

"ಮುಯ್ಯಿ ತೀರ್ಸೋಕ್ ಬಂದ್ವಿ ಸಾ. ಏನ್ ಕೆಲ್ಸ ಅದೆ ಹೇಳಿ."

ನನಗೆ ಆಗ ತಿಳಿಯಿತು. ಅವತ್ತು ನಾನು ಮಾಡಿದ್ದು ಅವರ ಪ್ರಕಾರ ಉಪಕಾರವಲ್ಲ, ಮುಯ್ಯಾಳು. ಇವತ್ತು ನಾನು ನಿಮ್ಮಲ್ಲಿ ದುಡಿದರೆ ನಾಳೆ ನೀವು ನನ್ನಲ್ಲಿ ದುಡಿಯಬೇಕು. ಕೂಲಿ ಮಾತಿಲ್ಲ. ನಾನು ಕೋಣೆಯ ಸುತ್ತ ಕಣ್ಣಾಡಿಸಿದೆ. ಒಂದು ತಟ್ಟೆ, ಒಂದು ಲೋಟ. ಅದನ್ನು ತೊಳೆಯಲು ಇಬ್ಬರು ಹೆಂಗಸರೇ? "ಕೆಲಸ ಏನೂ ಇಲ್ಲಮ್ಮ, ಬಿಡಿ" ಎಂದೆ. ಪುಟ್ಟಮ್ಮನ ಮುಖ ಗಂಟಾಯಿತು. "ಬಿಟ್ಟಿ ದುಡುಸ್ಕಂಡ್ವಿ ಅಂತ ಅನ್ನುಸ್ಕಬೇಕಾ ನಾವು? ಕೆಲ್ಸ ಇಲ್ದಿರೋ ಮನೆ ಎಲ್ಲಾದ್ರೂ ಇದ್ದದಾ?" ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ, ಬಾಗಿಲವರೆಗೆ ಬಂದವರು ಹಾಗೇ ಹೋಗಿಬಿಡುತ್ತಾರಲ್ಲ ಎನಿಸಿತು. "ಬರೋ ಭಾನುವಾರ ಬನ್ನಿ, ಬೇಕಾದಷ್ಟು ಕೆಲಸ ಇದೆ" ಎಂದುಬಿಟ್ಟೆ.

ಆ ವಾರವೆಲ್ಲ ನನಗೆ ಕೆಲಸ ಹುಡುಕುವುದೇ ಕೆಲಸ. ಕೊನೆಗೆ ಶನಿವಾರ ಹನೂರಿನಲ್ಲಿ ಒಂದು ಮೂಟೆ ಅವರೆಕಾಯಿ ಕೊಂಡು ಬಸ್ಸಿಗೆ ಹಾಕಿದೆ. "ಮನೇಲಿ ಮದ್ವೆನಾ ಸಾ?" ಎಂದ ಕಂಡಕ್ಟರು. "ಹಂಗೇ ಅಂದ್ಕಳಿ" ಎಂದೆ.

ಭಾನುವಾರ ಇಬ್ಬರೂ ಬಂದರು. ಮೂಟೆ ನೋಡಿ, "ಒಂದ್ ಹೊಟ್ಟೆಗೆ ಇಷ್ಟೊಂದಾ?" ಎಂದು ಮಾದೇವಮ್ಮ ಕೇಳಿದರು. "ನನಗೆ ಅವರೆಕಾಳು ಅಂದ್ರೆ ಪ್ರಾಣ" ಎಂದೆ. ಅವರ ಮನೆಯಿಂದಲೇ ಲೋಟ ತರಿಸಿ ಟೀ ಮಾಡಿದೆ. ಕಾಯಿ ಸುಲಿಯುತ್ತ ಅವರು ಬೀದಿಯ ಸುದ್ದಿಯನ್ನೆಲ್ಲ ಸುಲಿದರು. ಹುಳ ಮುಟ್ಟಿ ನಾನು ಕಿರುಚಿದ್ದನ್ನು ಮಾದೇವಮ್ಮ ಎದ್ದು ನಿಂತು ಅಭಿನಯಿಸಿ ತೋರಿಸಿದರು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಮೂಟೆ ಬೇಗ ಖಾಲಿಯಾಗದಿರಲಿ ಎಂದು ನಾನು ಒಂದೊಂದು ಕಾಯನ್ನೂ ಮಗುವಿಗೆ ಅಂಗಿ ಬಿಚ್ಚುವಂತೆ ನಿಧಾನವಾಗಿ ಬಿಡಿಸಿದೆ. ಆದರೆ ಅವು ಹುಳ ಆರಿಸಿದ ಕೈಗಳು. ಮಧ್ಯಾಹ್ನದೊಳಗೆ ಮೂಟೆ ಬರಿದಾಯಿತು.

ಒಂದು ಪಾತ್ರೆ ಕಾಳು ಕೊಡಲು ಹೋದರೆ ಪುಟ್ಟಮ್ಮ ಕೈ ಹಿಂದಕ್ಕೆ ಎಳೆದುಕೊಂಡರು. "ಬ್ಯಾಡಿ ಸಾ, ಕೂಲಿ ಕೊಟ್ಟಂಗಾಯ್ತದೆ. ಮುಯ್ಯಿ ತೀರ್ತು." ಲೋಟ ತೆಗೆದುಕೊಂಡು ಹೊರಟರು. ತೀರಿತು ಎನ್ನುವ ಮಾತು ಎಷ್ಟು ಕೆಟ್ಟದ್ದು ಎಂದು ನನಗೆ ಅವತ್ತೇ ಗೊತ್ತಾದದ್ದು. ಮೊಬೈಲು ತೆಗೆದೆ. ಮೀನಂಗಡಿಯ ಅಜ್ಜಿ ಬಂದು ಟಕ್ ಟಕ್ ಎಂದಳು, ಹೋದ ಸಲ ಆಡಿದ ಮಾತನ್ನೇ ಆಡಿದಳು. ಪಾಪ, ಅವಳಿಗೆ ಬೀದಿಯ ಸುದ್ದಿ ಗೊತ್ತಿಲ್ಲ. ಮೊಬೈಲು ಆಫ್ ಮಾಡಿ ಅವರೆಕಾಳು ಬೇಯಲಿಟ್ಟೆ.

ವಾರವೆಲ್ಲ ಅವರೆಕಾಳು ಉಪ್ಪಿಟ್ಟು, ಅವರೆಕಾಳು ಸಾರು, ಅವರೆಕಾಳು ಪಲ್ಯ. ಹೊಟ್ಟೆಯ ಪರಿಸ್ಥಿತಿಯನ್ನು ಸಭ್ಯರೆದುರು ವರ್ಣಿಸಲಾರೆ. ಎಂಟನೆಯ ದಿನ ತಡೆಯಲಾರದೆ ಹಿತ್ತಿಲಿಗೆ ಹೋಗಿ, "ಮುಂದಿನ ಹುಳ ಯಾವಾಗ ಹಣ್ಣಾಗೋದು?" ಎಂದು ಕೇಳಿದೆ.

"ಇನ್ನೂ ಮೊಟ್ಟೆನೇ ತಂದಿಲ್ವಲ್ಲ ಸಾ. ಈಗ ಶೆಡ್ ತೊಳ್ದು ಸುಣ್ಣ ಬಳೀಬೇಕು."

"ಸುಣ್ಣ ನಾನು ಬಳೀತೀನಿ."

ಪುಟ್ಟಮ್ಮ ಸೊಂಟದ ಮೇಲೆ ಕೈಯಿಟ್ಟು ನನ್ನನ್ನೇ ನೋಡಿದರು. "ಬಳ್ದ್ರೆ ಮತ್ತೆ ನಮ್ ಮೇಲೆ ಮುಯ್ಯಿ ಕೂತ್ಕತದೆ. ತೀರ್ಸೋಕೆ ನಿಮ್ಮನೇಲಿ ಕೆಲ್ಸ ಇರ್ಬೇಕಲ್ಲ?"

"ಇದೆಯಲ್ಲ!" ಎಂದೆ.

ಹನೂರಿನಲ್ಲಿ ಒಂದು ಮೂಟೆ ಹುಣಸೆಹಣ್ಣಿಗೆ ಹೇಳಿ ಬಂದಿದ್ದೇನೆ. ನಾರು ತೆಗೆಯಬೇಕು, ಬೀಜ ಬಿಡಿಸಬೇಕು, ಅವರೆಕಾಯಿಯ ಹಾಗೆ ಮಧ್ಯಾಹ್ನಕ್ಕೇ ಮುಗಿಯುವ ಕೆಲಸವಲ್ಲ. ಹುಳಿ ಮುಟ್ಟಲೇಕೂಡದೆಂದು ಡಾಕ್ಟರು ನನಗೆ ಹೇಳಿರುವುದನ್ನು ದಯವಿಟ್ಟು ಪುಟ್ಟಮ್ಮನಿಗೆ ಯಾರೂ ತಿಳಿಸಬೇಡಿ.