ಎಂಟು ಯಾರದು?

ತಾಪತ್ರಯ ಶುರುವಾದದ್ದು ಒಂದು ದವಡೆ ಹಲ್ಲಿನಿಂದ. ಹಲ್ಲು ನರ್ಸಿಂಗ್ ಎರಡನೇ ವರ್ಷದ ಮೌನಗೌರಿಯದು. ಮಾತು ಕಡಿಮೆಯೆಂದು ಹಾಸ್ಟೆಲಿನವರು ಇಟ್ಟ ಹೆಸರದು. ಅಸಲಿ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು. ಕೆನ್ನೆ ಹಿಡಿದುಕೊಂಡು ತಿಂಡಿಗೆ ಕೂತರೆ ಪಕ್ಕದವಳು, "ಏನೇ, ಬೆಳಿಗ್ಗೇನೇ ಮುಖ ಊದಿಸ್ಕೊಂಡಿದ್ದೀಯ?" ಎಂದು, ಉತ್ತರಕ್ಕೂ ಕಾಯದೆ ಎದ್ದುಹೋದಳು.

ಅಂದು ಮಕ್ಕಳ ವಾರ್ಡಿನಲ್ಲಿ ಅವಳಿಗೆ ಪರೀಕ್ಷೆ. ಮಗುವಿನ ನೋವು ಎಷ್ಟೆಂದು ಅಳೆದು ಬರೆಯಬೇಕು. ಫೇಲಾದರೆ ಇನ್ನೊಂದು ತಿಂಗಳು ಇದೇ ವಾರ್ಡು, ರಜೆಗೆ ಮನೆಗೆ ಹೋಗುವಂತಿಲ್ಲ. ಅಮ್ಮನ ಮುಖ ನೋಡಿ ನಾಲ್ಕು ತಿಂಗಳಾಗಿತ್ತು.

ಪಾಲಿಗೆ ಬಂದವಳು ಕೈ ಮುರಿದುಕೊಂಡ ಆರು ವರ್ಷದ ಹುಡುಗಿ. ಮೌನಗೌರಿ ಮುಖಗಳ ಚಿತ್ರವಿದ್ದ ರಟ್ಟು ಹಿಡಿದಳು. ನಗುವ ಮುಖಕ್ಕೆ ಸೊನ್ನೆ, ಬಿಕ್ಕಿ ಅಳುವ ಮುಖಕ್ಕೆ ಹತ್ತು.

"ನಿನ್ ನೋವು ಯಾವ್ದು ಪುಟ್ಟಿ?"

ಹುಡುಗಿ ಎರಡು ಎಂದು ಬರೆದಿದ್ದ ಮುಖ ಮುಟ್ಟಿದಳು. ಆಮೇಲೆ ರಟ್ಟು ಕಿತ್ತುಕೊಂಡು, "ಅಕ್ಕಾ, ನಿಂದು?" ಎಂದಳು.

ಬೆಳಗಿನಿಂದ ಯಾರೂ ಕೇಳದ ಪ್ರಶ್ನೆ. ಮೌನಗೌರಿ ಎಂಟರ ಮೇಲೆ ಬೆರಳಿಟ್ಟಳು. ಅದೇ ಗುಂಗಿನಲ್ಲಿ ಹುಡುಗಿಯ ಹಾಳೆಯಲ್ಲೂ ಎಂಟೆಂದು ಬರೆದು ಮುಂದಿನ ಹಾಸಿಗೆಗೆ ಹೋದಳು.

ಗಂಟೆಯ ನಂತರ ಪರೀಕ್ಷೆಯ ಮೇಡಂ ಬಂದು ಹಾಳೆ ನೋಡಿ ಹೌಹಾರಿದರು. "ಎಂಟಾ? ಈ ಮಗು ಗೊಂಬೆಗೆ ಪೌಡರ್ ಬಳೀತಾ ಕೂತಿದೆ!"

ಪಕ್ಕದ ಹಾಸಿಗೆಯ ಮಗುವಿನ ಅಜ್ಜಿ, "ಆಗ್ಲೇ ನೋಡ್ದೆ ಕಣಮ್ಮಾ, ಇವಳ ಗಮನ ಎಲ್ಲೋ ಇತ್ತು" ಎಂದು ಉರಿಯುವ ಬೆಂಕಿಗೆ ತುಪ್ಪ ಸುರಿದರು.

ಮೌನಗೌರಿ ಮೇಡಮ್ಮನ್ನು ಕಿಟಕಿಯ ಬಳಿ ಕರೆದು ತೊದಲಿದಳು. "ಎಂಟು ನಂದು ಮೇಡಂ. ಹಲ್ಲುನೋವು. ಅವಳ್ದು ಎರಡು."

ಮೇಡಂ ಮೆತ್ತಗಾದರು. "ಮಗೂನೇ ಕೇಳ್ತೀನಿ. ಎರಡು ಅಂದ್ರೆ ಪಾಸು."

ಹುಡುಗಿ ಮೇಡಂ ಮುಖ ನೋಡಿದಳು, ಅಕ್ಕನ ಕಣ್ಣೀರು ನೋಡಿದಳು. ಅಕ್ಕ ಬರೆದದ್ದು ಸುಳ್ಳೆಂದಾದರೆ ಅವಳಿಗೆ ಬೈಗುಳ ಖಂಡಿತ ಎಂದುಕೊಂಡಳು. ಗೊಂಬೆ ಬಿಸಾಕಿ, ವಾರ್ಡು ಕಿತ್ತುಹೋಗುವಂತೆ ಕಿರುಚಿದಳು: "ಎಂಟು! ಅಯ್ಯೋ ಕೈ! ಎಂಟು!"

ಡಾಕ್ಟರು ಓಡಿಬಂದರು. ಮೇಡಂ ಕೆಂಡವಾದರು. "ಇಷ್ಟು ನೋವಿರೋ ಮಗೂನ ಒಂದು ಗಂಟೆ ಹಾಗೇ ಬಿಟ್ಟು, ಈಗ ಹಲ್ಲಿನ ಕತೆ ಕಟ್ತೀಯಾ? ಫೇಲ್!"

ಮೌನಗೌರಿ ಏನೋ ಹೇಳಲು ಹೋದಳು. ಹಲ್ಲುನೋವು ಬಾಯಿ ತೆರೆಯಲು ಬಿಡಲಿಲ್ಲ.

ಎಲ್ಲರೂ ಹೋದಮೇಲೆ ಹುಡುಗಿ ಸೆರಗೆಳೆಯುವಂತೆ ಅವಳ ಕೋಟಿನ ತುದಿ ಜಗ್ಗಿ ಪಿಸುಗುಟ್ಟಿದಳು. "ಹೆಂಗ್ ಉಳಿಸ್ದೆ ನೋಡಕ್ಕಾ!"

"ಹೂಂ ಪುಟ್ಟಿ, ಉಳಿಸ್ದೆ" ಎಂದು ಮೌನಗೌರಿ ಅವಳ ತಲೆ ಸವರಿದಳು. ಇಡೀ ಆಸ್ಪತ್ರೆಯಲ್ಲಿ ಅವಳ ಪರ ನಿಂತ ಜೀವ ಇದೊಂದೇ. ಅದೂ ಮರುದಿನ ಬೆಳಿಗ್ಗೆ ಮನೆಗೆ ಹೊರಡಲಿತ್ತು.