ದೊಡ್ಡಪ್ಪನ ಖೋಲಿ ಖಾಲಿ ಮಾಡಿಸಹೋದದ್ದು

ನಮ್ಮ ದೊಡ್ಡಪ್ಪನ ವಿಷಯ ಬಂದರೆ ಹೊಸಪೇಟೆಯಲ್ಲಿ ಎಲ್ಲರೂ ಹೇಳುವ ಮಾತು ಒಂದೇ: ಆ ಮನುಷ್ಯ ಕಟ್ಟಿಕೊಂಡ ಹೆಂಡತಿಯನ್ನಾದರೂ ಬಿಟ್ಟಾನು, ಕೂಡಿಟ್ಟ ಸಾಮಾನಿನಲ್ಲಿ ಒಂದು ತುಕ್ಕು ಹಿಡಿದ ಮೊಳೆಯನ್ನೂ ಬಿಡಲಾರ. ಕಿರಾಣಿ ಅಂಗಡಿಯವನು ಬೆಲ್ಲ ಕಟ್ಟಿಕೊಡುತ್ತಾ ಇದನ್ನು ಹೇಳುತ್ತಾನೆ. ಮದುವೆಯ ಪಂಕ್ತಿಯಲ್ಲಿ ಪಕ್ಕದ ಎಲೆಗೆ ಕೂತ ಅಪರಿಚಿತರು, ನಾನು ಯಾರ ಮನೆಯವಳೆಂದು ಗೊತ್ತಾದ ಕೂಡಲೆ, ಹೋಳಿಗೆಗೂ ಕಾಯದೆ ಇದನ್ನೇ ಹೇಳುತ್ತಾರೆ.

ನಾನು ಕಾಲೇಜಿನುದ್ದಕ್ಕೂ ಚರ್ಚಾಸ್ಪರ್ಧೆಗಳಲ್ಲಿ ಗಂಟಲು ಹರಿದುಕೊಂಡವಳು. ಅಲ್ಲಿ ಕಲಿತದ್ದು ಬಹಳವೇನಿಲ್ಲ. ಎಲ್ಲರೂ ಒಂದೇ ಮಾತನ್ನು ಒಂದೇ ಶಬ್ದಗಳಲ್ಲಿ ಹೇಳುತ್ತಿದ್ದಾರೆಂದರೆ ಯಾರೂ ಅದನ್ನು ಪರೀಕ್ಷಿಸಿಲ್ಲ ಎಂದರ್ಥ, ಅಷ್ಟೆ. ಆದ್ದರಿಂದ ನನ್ನ ಆಕ್ಷೇಪಣೆ ಇದೆ. ನಮ್ಮ ದೊಡ್ಡಪ್ಪ ಸಾಮಾನು ಬಿಡಲಿಲ್ಲ ಎನ್ನುವುದು ಸುಳ್ಳು. ಬಿಡಲು ಹೊರಟರು, ಊರೂರಿಗೆ ಹೊರಟರು. ನಾನೇ ಸಾಕ್ಷಿ. ಮೂರು ಗಾಲಿಯ ಟಂಟಂ ಗಾಡಿಯ ಹಿಂದೆ, ತೊಡೆಯ ಮೇಲೆ ಗೋಡೆ ಗಡಿಯಾರ ಇಟ್ಟುಕೊಂಡು ಸಂಡೂರು ರಸ್ತೆಯ ಗುಂಡಿಗಳನ್ನೆಲ್ಲ ಸೊಂಟದಲ್ಲಿ ಅನುಭವಿಸಿದ ಸಾಕ್ಷಿ. ಅವರ ಕೈಯಲ್ಲಿ ಆಗಲಿಲ್ಲ, ನಿಜ. ಆದರೆ ಅದು ಅವರ ತಪ್ಪಲ್ಲ, ನಮ್ಮ ಸೀಮೆಯ ಮರ್ಯಾದೆಯ ತಪ್ಪು.

ಮೊದಲಿಂದ ಹೇಳುತ್ತೇನೆ. ನನಗೆ ಹೇಳಿ ಹೇಳಿ ಸಾಕಾಗಿದೆ, ನಿಮಗೆ ಹೊಸದು.

ನಮ್ಮ ಮನೆ ಒಂದೇ, ನಡುವೆ ಗೋಡೆ. ಹಿಂದಿನ ಭಾಗದಲ್ಲಿ ಅಪ್ಪ, ಅಮ್ಮ, ನಾನು. ಮುಂದಿನ ಭಾಗ ಅಪ್ಪನ ಅಣ್ಣನದು, ಅಂದರೆ ಈ ದೊಡ್ಡಪ್ಪ ಮತ್ತು ದೊಡ್ಡಮ್ಮನದು. ದೊಡ್ಡಪ್ಪ ಅಕ್ಕಿ ಗಿರಣಿಯೊಂದರಲ್ಲಿ ಮೂಟೆಗಳ ತೂಕ ನೋಡುತ್ತಾ ಆಯುಷ್ಯ ಕಳೆದು ನಿವೃತ್ತರಾದವರು. ಅವರ ಭಾಗದಲ್ಲಿ ಕೆಳಗೆ ಅಡುಗೆಮನೆ, ಬಚ್ಚಲು ಮತ್ತು ಒಂದು ದೊಡ್ಡ ಖೋಲಿ, ಮೇಲೆ ಮಾಳಿಗೆ. ಮನುಷ್ಯರು ಮಲಗುವುದು ಮಾಳಿಗೆಯ ಮೇಲೆ. ಕೆಳಗಿನ ಖೋಲಿ ಸಾಮಾನಿನದು.

ಸಾಮಾನು ಕೂಡಿಸುವುದಕ್ಕಾದರೂ ಒಂದು ತತ್ವ ಬೇಡವೇ? ನಾಣ್ಯ ಕೂಡಿಸುವವರಿದ್ದಾರೆ, ಅಂಚೆಚೀಟಿ ಕೂಡಿಸುವವರಿದ್ದಾರೆ, ಅವರ ಹುಚ್ಚಿಗೊಂದು ಹೆಸರಾದರೂ ಇದೆ. ದೊಡ್ಡಪ್ಪನ ಗೋಡೆಯ ಮೇಲೆ ಲಾರಿಯ ರಬ್ಬರ್ ಹಾರನ್, ಅದರ ಪಕ್ಕ ಕೋಳಿ ಕವುಚುವ ಬುಟ್ಟಿ, ಅದರ ಪಕ್ಕ ಹಲ್ಲಿನ ಡಾಕ್ಟರೊಬ್ಬರ ಹಳೇ ಬೋರ್ಡು, ಅದರ ಕೆಳಗೆ ಹಂಪಿ ಬಜಾರಿನಲ್ಲಿ ಯಾವನೋ ಫಾರಿನರ್ ಬಿಟ್ಟುಹೋದ ಒಂಟಿ ಚಪ್ಪಲಿ. ಬೀಗಗಳೆಲ್ಲ ಒಂದು ಗೋಡೆಗೆ, ಬೀಗದ ಕೈಗಳೆಲ್ಲ ಎದುರು ಗೋಡೆಗೆ. ಯಾವುದಕ್ಕೆ ಯಾವುದು ಹತ್ತುತ್ತದೋ ನೋಡೋಣವೇ ಎಂದು ಒಮ್ಮೆ ಕೇಳಿದೆ.

"ಬ್ಯಾಡವ್ವ," ಅಂದರು. "ತೆರದ ಬೀಗ ನೋಡಾಕ ಯಾರ್ ಬರ್ತಾರ?"

ಕಾಲ ಬೇರೆ ಅವರ ಕಡೆಗಿತ್ತು. ಸಂಡೂರು ಕಡೆಯ ಅದಿರಿನ ಮಣ್ಣಿಗೆ ಬಂಗಾರದ ಬೆಲೆ ಬಂದಿದ್ದ ದಿನಗಳವು. ನಿನ್ನೆ ಸೈಕಲ್ ತುಳಿಯುತ್ತಿದ್ದವನು ಇವತ್ತು ಲಾರಿ ಮಾಲೀಕ, ನಾಡಿದ್ದು ಅವನ ಹಳೇ ಮನೆಯ ಮುಂದೆ ಜೆಸಿಬಿ. ಓಣಿಯ ಜನರೆಲ್ಲ ಜೆಸಿಬಿ ನೋಡುತ್ತಾ ನಿಂತರೆ ನಮ್ಮ ದೊಡ್ಡಪ್ಪ ಅದರ ಹಲ್ಲಿನಿಂದ ಏನು ಬೀಳುತ್ತದೆ ಎಂದು ನೋಡುತ್ತಾ ನಿಲ್ಲುತ್ತಿದ್ದರು. ಕದಿಯುತ್ತಿರಲಿಲ್ಲ, ಕೊಳ್ಳುತ್ತಲೂ ಇರಲಿಲ್ಲ. ಮನೆಯ ಯಜಮಾನನ ಹತ್ತಿರ ಹೋಗಿ, ತಗ್ಗಿದ ದನಿಯಲ್ಲಿ, "ಇದು ನಿಮಗ ಬೇಕೇನ್ರಿ?" ಎಂದು ಕೇಳುತ್ತಿದ್ದರು. ಹೊಸದಾಗಿ ಸಾಹುಕಾರನಾದವನು ನಾಲ್ಕು ಜನರೆದುರು ಹಳೇ ಗೂಟವೊಂದನ್ನು ತೋರಿಸಿ 'ಹೌದು, ಬೇಕು' ಎಂದಾನೆಯೇ? ಈ ಮನಶ್ಶಾಸ್ತ್ರವನ್ನು ದೊಡ್ಡಪ್ಪ ಯಾವ ಕಾಲೇಜಿನಲ್ಲಿ ಓದಿದ್ದರೋ ತಿಳಿಯದು.

ಇದಿಷ್ಟನ್ನೂ ಒರೆಸುವವರು ಯಾರು? ನಾನು, ಪ್ರತಿ ಭಾನುವಾರ. ಅದಿರಿನ ಲಾರಿಗಳು ಹಗಲಿರುಳು ಓಡಿ ಸಂಡೂರಿನ ಗುಡ್ಡವನ್ನು ಚೂರು ಚೂರೇ ತಂದು ನಮ್ಮ ಮನೆಯ ಮೇಲೆ ಉದುರಿಸುತ್ತಿದ್ದವು. ಬೆಳಿಗ್ಗೆ ಒರೆಸಿದ ಹಾರನ್ ಸಂಜೆಗೆ ಕುಂಕುಮ ಹಚ್ಚಿಕೊಂಡಿರುತ್ತಿತ್ತು. ಆ ಧೂಳನ್ನು ಒಂದು ಶೀಶೆಯಲ್ಲಿ ತುಂಬಿ ದೊಡ್ಡಪ್ಪ ಅದನ್ನೂ ಶೆಲ್ಫಿನಲ್ಲಿಟ್ಟರು. ಶೀಶೆಯ ಮೇಲೆ ಕೂರುವ ಧೂಳನ್ನು ಮತ್ತೆ ನಾನೇ ಒರೆಸಬೇಕು. ಜಗತ್ತು ಹೀಗೆಯೇ ನಡೆಯುತ್ತದೆ, ನನಗೆ ಅನುಮಾನವಿಲ್ಲ.

ನನ್ನ ಕಪ್‌ಗಳೂ ಅಲ್ಲಿಗೇ ಹೋದವು. ಚರ್ಚಾಸ್ಪರ್ಧೆಯ ಮೊದಲ ಬಹುಮಾನಗಳನ್ನೆಲ್ಲ ಹಿಂದಿನ ಸಾಲಿಗೆ ತಳ್ಳಿ, ಬಳ್ಳಾರಿಯಲ್ಲಿ ಸೋತು ತಂದ ಒಂದೇ ಒಂದು ಸಮಾಧಾನಕರ ಬಹುಮಾನವನ್ನು ಎಲ್ಲರಿಗೂ ಕಾಣುವಂತೆ ಮುಂದಿಟ್ಟಿದ್ದರು. ನಾನು ಜಗಳ ತೆಗೆದೆ.

"ಗೆದ್ದಿದ್ದು ಎಲ್ಲಾರ ಮನ್ಯಾಗೂ ಇರ್ತೈತಿ," ಅಂದರು. "ನೀ ಸೋತಿದ್ದು ಇದೊಂದ ಐತಿ. ಅಪರೂಪದ್ದು."

ಇದು ಹೊಗಳಿಕೆಯೋ ಅಲ್ಲವೋ ಎಂದು ನಾನು ಇವತ್ತಿಗೂ ತೀರ್ಮಾನಿಸಿಲ್ಲ.

ಹೀಗೇ ನಡೆದುಹೋಗುತ್ತಿತ್ತೋ ಏನೋ. ನಡುವೆ ದೊಡ್ಡಮ್ಮನ ಮೊಣಕಾಲು ಕೈಕೊಟ್ಟಿತು. ಡಾಕ್ಟರು ಮೆಟ್ಟಿಲು ಹತ್ತಲೇಬಾರದು ಎಂದರು. ಆದರೆ ಮಲಗುವುದು ಮೇಲೆ, ಬಚ್ಚಲು ಕೆಳಗೆ! ದೊಡ್ಡಮ್ಮ ಮೆಟ್ಟಿಲ ಮೇಲೆ ಕೂತು, ಎಳೆಮಕ್ಕಳ ಹಾಗೆ ಒಂದೊಂದೇ ಮೆಟ್ಟಿಲು ಜಾರುತ್ತಾ ಇಳಿಯುತ್ತಿದ್ದರು. ರಾತ್ರಿ ಎದ್ದು ಇಳಿಯುವುದು ತಪ್ಪಲಿ ಎಂದು ಸಂಜೆಯಾದ ಮೇಲೆ ನೀರು ಕುಡಿಯುವುದನ್ನೇ ಬಿಟ್ಟರು. ಹೊಸಪೇಟೆಯ ಬೇಸಗೆಯಲ್ಲಿ! ನಮ್ಮ ಕಡೆ ಬಂದು ಮಲಗು ಎಂದು ಅಮ್ಮ ಕರೆದರೆ ಒಲ್ಲೆ ಅಂದರು.

"ನಾ ಅಲ್ಲಿಗೆ ಬಂದ್ರ ಮ್ಯಾಲ ಇವರೊಬ್ರ ಆಗ್ತಾರ. ರಾತ್ರಿ ಎದ್ದು ಇನ್ನೇನ್ ತಂದು ಎಲ್ಲಿ ಮೊಳಿ ಹೊಡಿತಾರೊ, ಯಾರ್ ನೋಡ್ಬೇಕು?"

ಉಳಿದದ್ದು ಒಂದೇ ದಾರಿ: ಕೆಳಗಿನ ಖೋಲಿ ಖಾಲಿಯಾಗಬೇಕು. ಮನೆಯವರೆಲ್ಲ ನನ್ನನ್ನು ಮುಂದೆ ಮಾಡಿದರು. ಇಷ್ಟು ವರ್ಷ ಮಾತು ಕಲಿತದ್ದು ಮತ್ಯಾತಕ್ಕೆ? ನಾನು ಅಂಶಗಳನ್ನು ಜೋಡಿಸಿಕೊಂಡು ಹೋದೆ.

"ದೊಡ್ಡಪ್ಪಾ, ದೊಡ್ಡಮ್ಮನ ಮೊಣಕಾಲು ಮುಖ್ಯನೋ, ಈ ಹಾರನ್ ಮುಖ್ಯನೋ?"

"ಮೊಣಕಾಲ."

"ಹಂಗಾರ ಖೋಲಿ ಖಾಲಿ ಮಾಡ್ಬೇಕಲ್ಲ?"

"ಮಾಡ್ಬೇಕು."

"ಯಾವಾಗ?"

"ಜಲ್ದಿ ಮಾಡಿದಷ್ಟೂ ಚಲೋ. ನೀ ಹೇಳಿದ್ದು ನೂರಕ್ಕ ನೂರು ಖರೆ ಐತಿ ನೋಡವ್ವ. ಚಾ ಕುಡಿತಿಯೇನು?"

ವಾದಿಸುವ ಎದುರಾಳಿಯನ್ನು ಸೋಲಿಸಬಹುದು. ಒಪ್ಪಿಕೊಂಡು ಚಹಾ ಕೊಡುವವರನ್ನು ಏನು ಮಾಡುತ್ತೀರಿ? ವಾರ ಕಳೆಯಿತು, ಹಾರನ್ ಅಲ್ಲೇ ಇತ್ತು. ಮತ್ತೆ ಹೋದೆ, ಮತ್ತೆ ಒಪ್ಪಿದರು, ಮತ್ತೆ ಚಹಾ. ಕೊನೆಗೆ ಬೇಸತ್ತು, "ಎಲ್ಲಾನೂ ಗುಜರಿಗೆ ಹಾಕಿಬಿಡ್ರಿ," ಅಂದೆ. ಆಗ ಮಾತ್ರ ಅವರು ಒಪ್ಪಲಿಲ್ಲ. "ಕೇಳಿ ಇಸ್ಕೊಂಡಿದ್ದವ್ವ ಇವೆಲ್ಲ. ಗುಜರಿಗೆ ಹಾಕಾಕ ಅಂತ ಅವರು ಕೊಟ್ಟಿಲ್ಲ. ಕೊಟ್ಟೋರಿಗೆ ವಾಪಸ್ ಮುಟ್ಟಿಸೋಣ," ಅಂದರು.

ಗೆದ್ದೆ ಅಂದುಕೊಂಡೆ. ನಮ್ಮ ಕಡೆಯ ಒಂದು ಪದ್ಧತಿ ಅಡ್ಡ ಬರುತ್ತದೆಂದು ಹೊಳೆಯಲಿಲ್ಲ. ಮನೆಗೆ ಸಾಮಾನು ತಂದವರನ್ನು ಬರಿಗೈಲಿ ಕಳಿಸುವವರು ಈ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ.

ಮೊದಲ ಸವಾರಿ ಸಂಡೂರಿಗೆ, ಆ ಗೋಡೆ ಗಡಿಯಾರದೊಡನೆ. ಕೊಟ್ಟವರ ಮನೆ ಈಗ ಗ್ರಾನೈಟ್ ಮಯ. ಮೆಟ್ಟಿಲು ಎಷ್ಟು ನುಣುಪೆಂದರೆ ದೊಡ್ಡಪ್ಪ ನನ್ನ ಹೆಗಲು ಹಿಡಿದು ಹತ್ತಿದರು. ಮನೆಯಾಕೆ ಗಡಿಯಾರ ನೋಡಿ ಕಣ್ಣಲ್ಲಿ ನೀರು ತಂದುಕೊಂಡು, "ನಮ್ಮ ಮಾವನೋರು ಕೀಲಿ ಕೊಡ್ತಿದ್ರು ಇದಕ್ಕ," ಅಂದರು. ಒಗ್ಗರಣೆ ಮಂಡಕ್ಕಿ ಬಂತು, ಮಿರ್ಚಿ ಬಂತು. ನಾವು ಎದ್ದೆವು.

"ಹಂಗ ಹೋಗಬಾರ್ದ್ರಿ, ಕುಂದ್ರಿ," ಎಂದು ಆಕೆ ಒಳಗೆ ಹೋದರು. ಗೃಹಪ್ರವೇಶಕ್ಕೆ ಉಡುಗೊರೆ ಬಂದ ಗಡಿಯಾರಗಳು ಒಂದು ಕಪಾಟಿನ ತುಂಬ ಇದ್ದವು. ಹಿಂತಿರುಗುವಾಗ ನನ್ನ ತೊಡೆಯ ಮೇಲೆ ಎರಡು: ಒಂದರಲ್ಲಿ ಗಣಪತಿಯ ಹಿಂದೆ ಕೆಂಪು ದೀಪ ಮಿಣುಕುತ್ತಿತ್ತು, ಇನ್ನೊಂದು ಗಂಟೆಗೊಮ್ಮೆ ಹಕ್ಕಿಯ ಹಾಗೆ ಕೂಗುತ್ತಿತ್ತು.

"ಬ್ಯಾಡ ಅನ್ನಬೇಕಿತ್ತು ದೊಡ್ಡಪ್ಪಾ."

"ಹೊಸ ಮನಿಯೋರು ಕೊಟ್ಟಿದ್ದನ್ನ ಒಲ್ಲೆ ಅಂದ್ರ ಆ ಮನಿಗೆ ಕೆಟ್ಟದ್ದಾಗ್ಲಿ ಅಂದಂಗವ್ವ."

ಎರಡನೆಯದು ಕಡ್ಡಿರಾಂಪುರಕ್ಕೆ, ಕಾಳು ಅಳೆಯುವ ಹಿತ್ತಾಳೆಯ ಸೇರು ವಾಪಸ್ ಕೊಡಲು. ಪಾತ್ರೆಯನ್ನು ಬರಿದಾಗಿ ಕೊಡಬಾರದೆಂದು ದೊಡ್ಡಪ್ಪ ದೊಡ್ಡಮ್ಮನ ಡಬ್ಬಿಯಿಂದ ಅಕ್ಕಿ ತುಂಬಿಕೊಂಡರು. ಆ ಮನೆಯವರು ಈಗ ಹಂಪಿ ನೋಡಲು ಬರುವ ಫಾರಿನರುಗಳಿಗೆ ಕೋಣೆ ಬಾಡಿಗೆ ಕೊಡುತ್ತಿದ್ದರು. ಸೇರನ್ನು ಕಣ್ಣಿಗೊತ್ತಿಕೊಂಡು ಇಸಿದುಕೊಂಡರು. ಆಮೇಲೆ, ಕೊಡಲು ಬೇರೇನೂ ತೋಚದೆ, ಯಾವನೋ ಬಿಟ್ಟುಹೋಗಿದ್ದ ತಂತಿಯಿಲ್ಲದ ಗಿಟಾರ್ ತಂದುಕೊಟ್ಟರು.

ದೊಡ್ಡಮ್ಮ ಮೆಟ್ಟಿಲ ಮೇಲೆ ಕೂತಲ್ಲಿಂದಲೇ ಅದನ್ನು ನೋಡಿದರು. "ಅಕ್ಕಿ ಹೋತು, ಇದು ಬಂತು," ಅಂದರು. "ಆತು ಬಿಡ್ರಿ, ಸಂಜಿಗೆ ಇದನ್ನ ಬೇಯಿಸ್ತೀನಿ. ಎಷ್ಟು ಸೀಟಿ ಕೂಗಿಸ್ಲಿ?"

ಕಂಪ್ಲಿಗೆ ಹೋಗುವಾಗ ನಾನು ತಯಾರಾಗಿದ್ದೆ. ಒಯ್ದದ್ದು ಕಟಿಂಗ್ ಅಂಗಡಿಯೊಂದರ ಕಬ್ಬಿಣದ ಕುರ್ಚಿ. ಅದನ್ನು ಕೊಟ್ಟವರ ಮಗ ಈಗ ಅದೇ ಅಂಗಡಿಯಲ್ಲಿ ಗರಗರ ತಿರುಗುವ ಹೊಸ ಕುರ್ಚಿಗಳನ್ನು ಹಾಕಿಸಿದ್ದ. ಅವನು ಹಳೆಯದನ್ನು ಕಂಡು ಪ್ರೀತಿಯಿಂದ ತಟ್ಟಿದ.

"ನಮ್ಮಪ್ಪನ ಕುರ್ಚಿರೀ ಇದು. ಇಲ್ಲಿಟ್ರ ಗಿರಾಕಿ ನಗ್ತಾರ. ನಿಮ್ಮನ್ಯಾಗಿದ್ರ ನಾಕ್ ಮಂದಿ ನೋಡ್ತಾರ. ನೀವ ಇಟ್ಕೊಳ್ರಿ."

ನಾನು ನಡುವೆ ಬಾಯಿ ಹಾಕಿದೆ. ಭಾವನೆಗೆ ಕೈಹಾಕುವುದು ವಾದದಲ್ಲಿ ಕೀಳು ಉಪಾಯ, ಗೊತ್ತು. ಬೇರೆ ದಾರಿ ಇರಲಿಲ್ಲ. "ಅಣ್ಣಾರ, ನಮ್ಮ ದೊಡ್ಡಮ್ಮಗ ಮಲಗಾಕ ಜಾಗ ಇಲ್ರಿ," ಅಂದೆ.

"ಹೌದೇನ್ರಿ, ಪಾಪ," ಎಂದು ಅವನು ನಿಜವಾಗಿಯೂ ಮರುಗಿದ. ಕುರ್ಚಿಯ ಪಕ್ಕದ ಹಿಡಿ ಎಳೆದ. "ಇದು ಹಿಂದಕ್ಕ ಬಾಗ್ತೈತಿ ನೋಡ್ರಿ. ಮಲಗಾಕೂ ಬರ್ತೈತಿ."

ಜೊತೆಗೆ ಅದರ ಮುಂದೆ ಇರುತ್ತಿದ್ದ ಹಳೇ ಕನ್ನಡಿಯನ್ನೂ ಕೊಟ್ಟ. ಟಂಟಂ ಓಡಿಸುವವನು ಕುರ್ಚಿಯನ್ನು ಮತ್ತೆ ಹಗ್ಗದಿಂದ ಬಿಗಿಯುತ್ತಾ, "ಯಜಮಾನ್ರ, ಇನ್ನೆರಡು ಊರು ತಿರುಗಿದ್ರ ದೊಡ್ಡ ಲಾರಿನ ಹೇಳ್ಬೇಕಾಗ್ತೈತಿ," ಅಂದ. ದೊಡ್ಡಪ್ಪ ನಗಲಿಲ್ಲ. ಊರು ಮುಟ್ಟುವವರೆಗೂ ಕನ್ನಡಿಯನ್ನು ಎದೆಗವುಚಿ ಹಿಡಿದು ಕೂತಿದ್ದರು. ದಾರಿಯಲ್ಲೊಮ್ಮೆ, ಯಾರಿಗೋ ಹೇಳುವಂತೆ, "ಆಕಿ ನೀರು ಕುಡಿಯೋದು ಬಿಟ್ಟಾಳ," ಅಂದರು. ಅದು ಅವರಿಗೆ ಗೊತ್ತಿದೆಯೆಂದು ನನಗೆ ಗೊತ್ತಿರಲಿಲ್ಲ.

ನನಗೆ ಅಲ್ಲಿಗೆ ಸಾಕಾಯಿತು. ಬಳ್ಳಾರಿಯಲ್ಲಿ ಕಾನೂನು ಓದಲು ಸೀಟು ಸಿಕ್ಕಿತ್ತು, ಹಾಸ್ಟೆಲ್ ಸೇರಿದೆ. ಅಲ್ಲಿನ ಬರಿ ಗೋಡೆಗಳನ್ನು ಕಂಡು ಮೊದಲ ದಿನ ಎಂಥ ಸುಖವಾಯಿತು! ಕೆಲವು ತಿಂಗಳ ಮೇಲೆ ಅಪ್ಪ ಫೋನಿನಲ್ಲಿ, "ದೊಡ್ಡಮ್ಮ ಕೆಳಗ ಬಂದ್ರು ನೋಡವ್ವ. ಖೋಲಿ ತಯಾರಾತು," ಅಂದರು. ಅಂತೂ ಖಾಲಿಯಾಯಿತೆಂದು ತಿಳಿದೆ.

ರಜೆಗೆ ಬಂದವಳು ಚೀಲ ಹೆಗಲಲ್ಲಿರುವಾಗಲೇ ಆ ಖೋಲಿಗೆ ಹೋದೆ. ಎಲ್ಲಿಯ ಖಾಲಿ? ಗೋಡೆಗಳೇನೋ ಬರಿದಾಗಿದ್ದವು, ಹಗುರದ ಸಾಮಾನೆಲ್ಲ ಮಾಳಿಗೆಗೆ ಹೋಗಿತ್ತು. ಆದರೆ ಭಾರದವು ಒಂದೂ ಹೊರಗೆ ಹೋಗಿರಲಿಲ್ಲ. ಹೋಗುವುದಿರಲಿ, ಇನ್ನೂ ಅಡ್ಡಾದಿಡ್ಡಿಯಾಗಿ ಖೋಲಿಯ ನಟ್ಟನಡುವೆ ಬಂದು ನಿಂತಿದ್ದವು. ಕಿಟಕಿಯ ಹತ್ತಿರ ದೊಡ್ಡಮ್ಮನ ಮಂಚ, ಅದರಿಂದಾಚೆ ಎಲ್ಲೆಂದರಲ್ಲಿ ಕಬ್ಬಿಣ, ಕಲ್ಲು, ಕಟ್ಟಿಗೆ. ಮೊಣಕಾಲು ನೋವಿನವರು ಇದರೊಳಗೆ ಓಡಾಡುವುದು ಹೇಗೆ? ಬಚ್ಚಲ ಬಾಗಿಲ ಕಡೆಗೆ, ಸ್ಟೂಲೊಂದರ ಮೇಲೆ ದೊಡ್ಡಪ್ಪ ಪೇಪರ್ ಓದುತ್ತಾ ಕೂತಿದ್ದರು. ದಾರಿಗೆ ಅಡ್ಡವಾಗಿ, ತಾವೂ ಒಂದು ಸಾಮಾನಿನ ಹಾಗೆ. ನಾನು ಚೀಲ ಇಳಿಸಿ, 'ಮೊದಲನೆಯದಾಗಿ' ಎಂದು ಬಾಯಿ ತೆರೆಯುವುದರಲ್ಲಿದ್ದೆ.

ದೊಡ್ಡಮ್ಮ ಮಂಚದಿಂದ ಎದ್ದರು.

"ಬಂದೇನವ್ವ? ಕುಂದ್ರು, ಬಂದೆ," ಎಂದು ಎಡಗೈ ಚಾಚಿದರು. ಕೈಗೆ ಹೊಲಿಗೆ ಯಂತ್ರದ ತಲೆ ಸಿಕ್ಕಿತು. ಅದನ್ನು ಹಿಡಿದು ಒಂದು ಹೆಜ್ಜೆ. ಬಲಗೈಗೆ ಮರದ ಕಂಬದ ತುಂಡು, ಒಂದು ಹೆಜ್ಜೆ. ಆಮೇಲೆ ಯಾವುದೋ ಕಿಟಕಿಯ ಸರಳುಗಳು, ಆಮೇಲೆ ಟ್ರಂಕಿನ ಮೇಲಿಟ್ಟ ಒರಳು, ಆಮೇಲೆ ಅಕ್ಕಿ ಗಿರಣಿಯ ಹಳೇ ತೂಕದ ಯಂತ್ರದ ಕಂಬ. ಎಲ್ಲವೂ ಅವರ ಕೈಯೆತ್ತರಕ್ಕೇ, ಅವರ ಹೆಜ್ಜೆಯಳತೆಗೇ. ಕೆಲವಕ್ಕೆ ಕೆಳಗೆ ಇಟ್ಟಿಗೆ ಕೊಟ್ಟು ಎತ್ತರಿಸಲಾಗಿತ್ತು, ಅಲುಗದಂತೆ ಸಿಮೆಂಟು ಮೆತ್ತಲಾಗಿತ್ತು. ಹಿಡಿಯುವಲ್ಲೆಲ್ಲ ತುಕ್ಕನ್ನು ತಿಕ್ಕಿ ತೆಗೆದು ಮೆತ್ತನೆಯ ಹಳೇ ಸೀರೆಯ ಬಟ್ಟೆ ಸುತ್ತಿತ್ತು. ನಾನು ಅಡ್ಡಾದಿಡ್ಡಿ ಅಂದುಕೊಂಡದ್ದು ದೊಡ್ಡಮ್ಮ ಬಚ್ಚಲಿಗೆ ಹೋಗುವ ದಾರಿಯಾಗಿತ್ತು.

ತೂಕದ ಯಂತ್ರಕ್ಕೂ ಬಚ್ಚಲ ಬಾಗಿಲಿಗೂ ನಡುವೆ ಹಿಡಿಯಲು ಏನೂ ಇರಲಿಲ್ಲ. ಅಲ್ಲಿ ದೊಡ್ಡಪ್ಪನ ಸ್ಟೂಲಿತ್ತು. ದೊಡ್ಡಮ್ಮ ನೋಡದೆಯೇ ಕೈ ಚಾಚಿ ಅವರ ಭುಜ ಹಿಡಿದರು. ದೊಡ್ಡಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ. ಆದರೆ ಕೈ ಬೀಳುವುದಕ್ಕೆ ಮೊದಲೇ ಆ ಭುಜ ತುಸು ಮೇಲೆದ್ದಿತ್ತು.

ಬಾಗಿಲು ಮುಚ್ಚಿಕೊಂಡಿತು, ಒಳಗೆ ನೀರಿನ ಸದ್ದು ಕೇಳಿಸಿತು. 'ಮೊದಲನೆಯದಾಗಿ' ಎಂದು ಶುರುವಾಗಬೇಕಿದ್ದ ವಾದವನ್ನು ಅಲ್ಲಿಗೇ ಕೈಬಿಟ್ಟೆ. ಆದರೂ ಪ್ರಶ್ನೆ ಕೇಳದೆ ಇರುವುದನ್ನು ನನಗೆ ಯಾರೂ ಕಲಿಸಿಲ್ಲ. ಹತ್ತಿರ ಹೋಗಿ ತಗ್ಗಿದ ದನಿಯಲ್ಲಿ ಕೇಳಿದೆ:

"ದೊಡ್ಡಪ್ಪಾ, ನೀವು ಇಲ್ಲದ ದಿನ ಈ ಜಾಗಕ್ಕ ಏನಿಡೋಣು?"