ಭಾವನ ಚಾಪೆ ಮತ್ತು ನನ್ನ ಚೊಂಬು

ನನ್ನ ಭಾವನಿಗೆ ಗಾಲ್ಫ್ ಆಡಲು ಬರುವುದಿಲ್ಲ. ಈ ಮಾತನ್ನು ನಾನು ಯಾವ ದೇವರ ಮುಂದೆ ನಿಂತು ಬೇಕಾದರೂ ಹೇಳಬಲ್ಲೆ. ನಾಲ್ಕು ವರ್ಷಗಳಿಂದ ಅವರೇ ನನ್ನನ್ನು ಸೋಲಿಸುತ್ತಿದ್ದಾರೆ ಎಂಬ ಒಂದು ಸಣ್ಣ ತೊಡಕಿದೆ. ಅದನ್ನು ಬಿಟ್ಟರೆ ನನ್ನ ಮಾತು ನೂರಕ್ಕೆ ನೂರು ಸತ್ಯ!

ಭಾವ ಎಂದರೆ ನನ್ನ ಹೆಂಡತಿಯ ಅಣ್ಣ. ಹಫ್ರ್ ಅಲ್ ಬಾತಿನ್‌ನಲ್ಲಿ ಎ.ಸಿ. ಬಿಡಿಭಾಗಗಳ ಕಂಪನಿಯೊಂದರಲ್ಲಿ ಅವರಿಗೆ ಕೆಲಸ. ನನ್ನನ್ನು ಸೌದಿಗೆ ಕರೆಸಿಕೊಂಡವರೂ ಅವರೇ. ಮದುವೆಯಾದ ಹೊಸತರಲ್ಲಿ ನಾವು ಅವರ ಪಕ್ಕದ ಮನೆಯಲ್ಲೇ ಇದ್ದೆವು, ಆಮೇಲೆ ನನಗೆ ಜಿದ್ದಾದಲ್ಲಿ ಕೆಲಸ ಸಿಕ್ಕಿತು. ಮರುಭೂಮಿ ದಾಟಿ ಇಷ್ಟು ದೂರ ಬಂದರೂ ಭಾವ ನನ್ನ ಮನೆ ಬಿಟ್ಟು ಹೋಗಿಲ್ಲ. ನಾನು ಚಹಾದ ಲೋಟ ತೊಳೆಯದಿದ್ದರೆ ಹೆಂಡತಿ, "ಅಣ್ಣ ಆಗಿದ್ರೆ ತೊಳೆದಿಡ್ತಿದ್ದ". ಗೊರಕೆ ಹೊಡೆದರೆ "ಅಣ್ಣ ಗೊರಕೆ ಹೊಡೆಯುದೇ ಇಲ್ಲ". ಒಂದು ದಿನ ನನಗೆ ಜ್ವರ ಬಂದಾಗ "ಅಣ್ಣನಿಗೆ ಜ್ವರ ಬಂದ್ರೂ ಇಷ್ಟು ನರಳುದಿಲ್ಲ" ಎಂದಳು. ಹೊಟ್ಟೆಕಿಚ್ಚು ಪಡದೆ ಇರಲು ನಾನೇನು ಸನ್ಯಾಸಿಯೇ?

ಗಾಲ್ಫನ್ನು ಭಾವ ಕಲಿತದ್ದು ಮರಳಿನಲ್ಲಿ. ಊರಾಚೆ ಯಾರೋ ವಿದೇಶಿ ಎಂಜಿನಿಯರುಗಳು ಮಾಡಿಕೊಂಡಿದ್ದ ಮೈದಾನವಂತೆ. ಅಲ್ಲಿ ಹುಲ್ಲು ಹುಡುಕಿದರೂ ಸಿಗದು. ಚೆಂಡನ್ನು ಕುಳಿಗೆ ಬೀಳಿಸುವ, ಗ್ರೀನ್ ಎಂದು ಕರೆಯುವ ಜಾಗವೂ ಎಣ್ಣೆ ಸುರಿದ ಕಪ್ಪು ಮರಳು! ಹಾಗಾಗಿ ಆಡುವವರು ಕಾಲೊರೆಸುವ ಮ್ಯಾಟಿನಷ್ಟು ದೊಡ್ಡ ಪ್ಲಾಸ್ಟಿಕ್ ಹುಲ್ಲಿನ ಚಾಪೆಯನ್ನು ಜೊತೆಗೆ ಒಯ್ಯಬೇಕು. ಚೆಂಡು ಬಿದ್ದಲ್ಲಿ ಚಾಪೆ ಹಾಸಿ, ಅದರ ಮೇಲೆ ಚೆಂಡಿಟ್ಟು ಹೊಡೆಯಬೇಕು. ಒಳ್ಳೆಯ ಪದ್ಧತಿ, ನನ್ನ ತಕರಾರಿಲ್ಲ. ಆದರೆ ನಾವು ವರ್ಷಕ್ಕೊಮ್ಮೆ ಆಡಲು ಹೋಗುವುದು ಕೆಂಪು ಸಮುದ್ರದ ದಡದಲ್ಲಿರುವ ಮೈದಾನಕ್ಕೆ. ಅಲ್ಲಿ ಕಣ್ಣು ಹಾಯಿಸಿದಷ್ಟೂ ಹುಲ್ಲೇ. ಅಲ್ಲಿಯೂ ಈ ಮಹಾನುಭಾವರು ಹುಲ್ಲಿನ ಮೇಲೆ ಹುಲ್ಲಿನ ಚಾಪೆ ಹಾಸುತ್ತಾರೆ!

ನಾವು ನಾಲ್ವರು: ಭಾವ, ನಾನು, ಬಂಟ್ವಾಳದ ಇಕ್ಬಾಲ್, ಕಾರ್ಕಳದ ದಿನೇಶ. ಗೆದ್ದವರಿಗೆ ಬಹುಮಾನ ಜಿದ್ದಾದ ಶರಫಿಯಾ ಪೇಟೆಯಲ್ಲಿ ಕೊಂಡ ಒಂದು ಸ್ಟೀಲ್ ಚೊಂಬು. ಸೋತವರಿಗೆ ಚೊಂಬು ಸಿಗುವುದು ಲೋಕರೂಢಿ, ನಮ್ಮಲ್ಲಿ ಗೆದ್ದವರಿಗೆ. ಆ ಚೊಂಬನ್ನು ಭಾವ ತಮ್ಮ ಚೀಲಕ್ಕೆ ನೇತುಹಾಕಿಕೊಂಡು, ಹೆಜ್ಜೆಗೊಮ್ಮೆ ಟಣ್ ಎನ್ನಿಸುತ್ತ ನಡೆಯುತ್ತಾರೆ. ಚೊಂಬಿಗಾಗಿ ಹೊಟ್ಟೆ ಉರಿಸಿಕೊಂಡ ಕನ್ನಡಿಗ ಪ್ರಪಂಚದಲ್ಲಿ ನಾನೊಬ್ಬನೇ ಇರಬೇಕು.

ಈ ಸಲ ದಾರಿಯ ಪೆಟ್ರೋಲ್ ಬಂಕಿನಲ್ಲಿ ಕಾರು ನಿಲ್ಲಿಸಿದ್ದೆವು. ದಾರಿಯುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡಿದ್ದ ಚಾಪೆಯನ್ನು ಸುರುಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡೇ ಇಳಿದ ಭಾವನನ್ನು ಕಂಡು, ಅಲ್ಲಿ ನಮಾಜಿಗೆ ಅಣಿಯಾಗುತ್ತಿದ್ದ ಹಿರಿಯರೊಬ್ಬರು ಪ್ರೀತಿಯಿಂದ ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟರು. ಕಿಬ್ಲಾ, ಅಂದರೆ ನಮಾಜಿಗೆ ಮುಖ ಮಾಡುವ ದಿಕ್ಕು, ಯಾವ ಕಡೆ ಎಂದು ಬೆರಳು ತೋರಿಸಿದರು. ನಾನಾಗಿದ್ದರೆ ತಡವರಿಸುತ್ತಿದ್ದೆ. ಭಾವ "ಶುಕ್ರನ್" ಎಂದು ಕೈಯನ್ನು ಎದೆಗಿಟ್ಟುಕೊಂಡು, ಹಿಂದೆ ಬರುತ್ತಿದ್ದ ಇಕ್ಬಾಲನಿಗೆ ಚಾಪೆ ಕೊಟ್ಟು, "ಹೋಗು ಮಾರಾಯ, ನಿನ್ನ ನಮಾಜಿನ ಹೊತ್ತು ಆಯ್ತಲ್ಲ" ಎಂದರು. ಹಿರಿಯರು ಹೊರಡುವ ಮುಂಚೆ ನಮಗೆಲ್ಲ ಖರ್ಜೂರ ಹಂಚಿದರು. ಭಾವನಿಗೆ ಎರಡು ಹಿಡಿ, ನನಗೆ ಒಂದೇ ಒಂದು! ಹೊಸಬರೂ ಐದು ನಿಮಿಷದಲ್ಲಿ ಅವರ ಪಕ್ಷ ಸೇರುತ್ತಾರೆ.

ಹ್ಯಾಂಡಿಕ್ಯಾಪಿನ ಕತೆಯಂತೂ ಕೇಳಲೇಬೇಡಿ. ಆಟಗಾರ ಎಷ್ಟು ದಡ್ಡ ಎಂದು ತೋರಿಸುವ ಅಂಕಿ ಅದು, ಕಡಿಮೆ ಇದ್ದಷ್ಟೂ ಜಾಣ. ನನ್ನ ಹೆಂಡತಿ ಉಡುಪಿಗೆ ಫೋನು ಮಾಡಿ, "ಅಮ್ಮ, ಅಣ್ಣನಿಗೆ ಹ್ಯಾಂಡಿಕ್ಯಾಪ್ ಹನ್ನೆರಡು, ಇವರಿಗೆ ಇಪ್ಪತ್ತೆಂಟು" ಎಂದು ಅಣ್ಣನ ಗುಣಗಾನ ಮಾಡಿದಳು. ಆ ಕಡೆಯಿಂದ ಅತ್ತೆಯವರು, "ಅಯ್ಯೋ ದೇವರೇ! ಮಗನಿಗೆ ಬಂದದ್ದು ನನಗೆ ಗೊತ್ತೇ ಇಲ್ಲ. ಅಳಿಯನಿಗೆ ಅಷ್ಟೊಂದು ಇದ್ದದ್ದನ್ನು ಮದುವೆಗೆ ಮೊದಲು ಅವರ ಮನೆಯವರು ಹೇಳ್ಬೇಕಿತ್ತಲ್ಲ!" ಎಂದು ಅತ್ತುಬಿಟ್ಟರು. ಅಂತೂ ಅಂಗವೈಕಲ್ಯದಲ್ಲಿ ಮಾತ್ರ ನಾನು ಭಾವನನ್ನು ಮೀರಿಸಿದೆ!

ಸಾಕಾಯಿತು. ಈ ಸಲ ಏನಾದರಾಗಲಿ, ಆ ಚೊಂಬು ಹಿಡಿದುಕೊಂಡೇ ಮನೆಗೆ ಹೋಗಬೇಕು, ಅವಳು ಬಾಗಿಲು ತೆರೆದಾಗ ಮೊದಲು ಕಾಣುವುದು ಅದೇ ಆಗಿರಬೇಕು ಎಂದು ನಿಶ್ಚಯಿಸಿದೆ. ಆಟ ಶುರುವಾಗುವ ಮುನ್ನ ಗಂಟಲು ಸರಿಮಾಡಿಕೊಂಡು ಹೇಳಿದೆ:

"ಈ ಸಲ ಚಾಪೆ ಬೇಡ. ನಾವೆಲ್ಲ ಗುಂಡಿಯಲ್ಲಿ, ತಗ್ಗಿನಲ್ಲಿ ಬಿದ್ದ ಚೆಂಡು ಹೊಡೆಯುವುದು, ಭಾವ ಮಾತ್ರ ಸಪಾಟು ಚಾಪೆಯ ಮೇಲಿಟ್ಟು ಹೊಡೆಯುವುದು, ಇದೆಂಥ ನ್ಯಾಯ?"

"ಅದು ಹೌದು," ಎಂದ ದಿನೇಶ. ಇಕ್ಬಾಲ್ ನನ್ನ ಮುಖವನ್ನು ಒಮ್ಮೆ ನೋಡಿ ಚೀಲದಿಂದ ತನ್ನ ಚೆಂಡು ತೆಗೆದ. ಭಾವ ಮಾತ್ರ, "ಅಡ್ಡಿಲ್ಲ ಮಾರಾಯ್ರೆ, ನೀವು ಹೇಳಿದ ಹಾಗೆ" ಎಂದು ಚಾಪೆ ಸುತ್ತಿ ಕಾರಿನಲ್ಲಿಟ್ಟು ಬಂದರು. ಜಗಳವಾದರೂ ಆಡಬಾರದೇ ಮನುಷ್ಯ?

ಸಮುದ್ರದ ಗಾಳಿ ಎಂದರೆ ಗಾಳಿ! ಇಕ್ಬಾಲನ ಚೆಂಡುಗಳು ಒಂದೊಂದಾಗಿ ಸಮುದ್ರ ಸೇರಿದವು, ದಿನೇಶನ ಟೋಪಿಯೂ ಸೇರಿತು. ನಾನು ಮಾತ್ರ ಹಲ್ಲು ಕಚ್ಚಿ ಹೊಡೆದೆ. ಭಾವ ಮೊದಲ ಹೊಡೆತ ಚೆನ್ನಾಗಿಯೇ ಹೊಡೆದರು. ಎರಡನೆಯದಕ್ಕೆ ಕೋಲು ಎತ್ತಿದವರು ಇಳಿಸಿದರು. ಬಗ್ಗಿ ನೋಡಿದರು.

"ಇದು ಗರಿಕೆ ಅಲ್ವಾ?" ಎಂದು ನನ್ನನ್ನು ಕೇಳಿದರು.

"ಹುಲ್ಲು, ಹೊಡೀರಿ."

"ಗರಿಕೆಯೇ. ಗರಿಕೆಗೆ ಕಬ್ಬಿಣದಲ್ಲಿ ಹೊಡೆಯುದಾ ಮಾರಾಯ್ರೆ?"

ನಾನು ಆಕಾಶ ನೋಡಿದೆ. ಭಾವ ಹುಲ್ಲಿಗೆ ತಾಗದಂತೆ ಚೆಂಡಿನ ತಲೆಯನ್ನು ಮೆಲ್ಲಗೆ ಸವರಿದರು, ಅದು ಉರುಳಿಕೊಂಡು ನಾಲ್ಕು ಮಾರು ಹೋಗಿ ನಿಂತಿತು. ಇಡೀ ದಿನ ಇದೇ ಕತೆ. ನಾನೋ, ಒಂದೊಂದು ಹೊಡೆತಕ್ಕೂ ಅಂಗೈಯಗಲದ ಹೆಂಟೆ ಕಿತ್ತು ಹಾರಿಸುತ್ತಿದ್ದೆ. ಹಿಂದಿನಿಂದ ಭಾವ ಆ ಹೆಂಟೆಗಳನ್ನು ಹೆಕ್ಕಿ ತಂದು, ಕಿತ್ತ ಜಾಗದಲ್ಲಿ ಕೂರಿಸಿ, ಮೆತ್ತಗೆ ತುಳಿದು, ಚೊಂಬಿನಿಂದ ನೀರು ಹೊಯ್ಯುತ್ತಿದ್ದರು.

"ಇವರು ಆಡ್ಲಿಕ್ಕೆ ಬಂದದ್ದಾ, ನಾಟಿ ಮಾಡ್ಲಿಕ್ಕಾ?" ಎಂದ ಇಕ್ಬಾಲ್.

ಅಂತೂ ಗೆದ್ದೆ! ಭಾವ ಚೊಂಬನ್ನು ಅಂಗಿಯ ತುದಿಯಿಂದ ಒರೆಸಿ ನನ್ನ ಕೈಗಿಟ್ಟರು. ರಾತ್ರಿಗೆಂದು ಹಿಡಿದಿದ್ದ ಹೋಟೆಲು ಕೋಣೆಗೆ ಓಡಿ ಹೆಂಡತಿಗೆ ಫೋನು ಮಾಡಿದೆ. ಗೆಲುವಿನ ವರದಿ, ಗಾಳಿಯ ವರದಿ, ಅವಳ ಅಣ್ಣನ ಗರಿಕೆ ಪುರಾಣ, ಎಲ್ಲವನ್ನೂ ಹೇಳಿದೆ. ಅವಳು ನಗಲಿಲ್ಲ.

"ಚಾಪೆ ಬೇಡ ಅಂದದ್ದು ಯಾರು? ನೀವಾ?"

"ನಿಯಮ ಅಂದ ಮೇಲೆ..."

"ಹಫ್ರ್‌ಗೆ ಬಂದ ಹೊಸತರಲ್ಲಿ ನಾನು ದಿನಾ ಅಳ್ತಿದ್ದೆ. ನೆನಪುಂಟಾ?"

ನೆನಪಿಲ್ಲದೆ ಏನು! ಎಲ್ಲಿ ನೋಡಿದರೂ ಮಣ್ಣಿನ ಬಣ್ಣ ಎಂದು ಅಳುತ್ತಿದ್ದಳು. ನಾನು ಚಾಕಲೇಟು ತಂದೆ, ಅತ್ತರು ತಂದೆ, ಹಾಡು ಸಹ ಹಾಡಿದೆ. ಒಂದು ದಿನ ಅಳು ನಿಂತಿತು. ಅದು ನನ್ನ ದಾಂಪತ್ಯದ ಮೊದಲ ದಿಗ್ವಿಜಯ.

"ಆಗ ಅಣ್ಣ ನನ್ನನ್ನು ಅವನ ಮನೆಯ ಹಿಂದೆ ಕರ್ಕೊಂಡು ಹೋದ. ಎ.ಸಿ.ಯ ನೀರು ಬೀಳುವಲ್ಲಿ ಒಂದು ಚಾಪೆಯಷ್ಟು ಗರಿಕೆ ಇತ್ತು. ಕಾರು ತೊಳೆಯುವ ನಲ್ಲಿಯ ಬುಡದಿಂದ ಬೇರು ತಂದು, ನನ್ನ ಮದುವೆ ನಿಶ್ಚಯ ಆದಾಗಿನಿಂದ ಬಕೆಟಲ್ಲಿ ನೀರು ಹಿಡಿದು ಹಾಕಿ ಬೆಳೆಸಿದ್ದಂತೆ. ಅವನು ಒಂದು ದಿನವೂ ಅದಕ್ಕೆ ಕಾಲಿಟ್ಟಿರಲಿಲ್ಲ. ಚಪ್ಪಲಿ ತೆಗೆದು ನಿಲ್ಲು ತಂಗಿ, ಅಂದ. ನೀವು ಆಫೀಸಿಗೆ ಹೋದ ಮೇಲೆ ನಾನು ದಿನಾ ಹೋಗಿ ನಿಲ್ತಿದ್ದೆ."

ಅಂದರೆ ನನ್ನ ಹಾಡಿನಿಂದಲ್ಲ!

ಫೋನಿಟ್ಟ ಮೇಲೆ ಹೊಟ್ಟೆಯಲ್ಲಿ ಹೊತ್ತಿಕೊಂಡ ಕಿಚ್ಚಿಗೆ ಇಷ್ಟು ವರ್ಷದ ಕಿಚ್ಚೆಲ್ಲ ಏನೂ ಅಲ್ಲ. ಹೀಗೆ ಪ್ರೀತಿಸುವುದು ನನಗೆ ಹೊಳೆದೇ ಇರಲಿಲ್ಲವಲ್ಲ ಎಂದು ಅಳು ಬಂತು. ಕಿಟಕಿಯಿಂದ ನೋಡಿದರೆ, ಸಂಜೆಯ ಬಿಸಿಲಿನಲ್ಲಿ ಭಾವ ಒಬ್ಬರೇ ಬಗ್ಗಿಕೊಂಡು ನಾನು ಕಿತ್ತ ಕೊನೆಯ ಹೆಂಟೆಗಳನ್ನು ಕೂರಿಸುತ್ತಿದ್ದರು. ಕೈಯಲ್ಲಿ ಚೊಂಬಿರಲಿಲ್ಲ. ಅದು ನನ್ನ ಬಳಿ ಇತ್ತು.

ನಲ್ಲಿಯಲ್ಲಿ ಚೊಂಬು ತುಂಬಿಸಿಕೊಂಡು ಹೋದೆ.

"ಭಾವ, ನೀರು."

ಅವರು ತಲೆಯೆತ್ತಿ ನಕ್ಕರು. "ಒಳ್ಳೇದಾಯ್ತು. ಮೆಲ್ಲ ಹೊಯ್ಯಿರಿ, ಬೇರು ಎದ್ದೀತು."

ಹೊಯ್ಯುವ ಮುಂಚೆ ನಾನು ಶೂ ಬಿಚ್ಚಿದೆ, ಕಾಲುಚೀಲ ತೆಗೆದೆ, ಬರಿಗಾಲಿನಲ್ಲಿ ಗರಿಕೆಯ ಮೇಲೆ ನಿಂತೆ. ಅವಳ ಅಳು ಯಾಕೆ ನಿಂತಿತು ಎಂದು ಆಗ ಗೊತ್ತಾಯಿತು.